ಒಣಸೇತುವೆಯ ಮೇಲೆ

ಮುಖ ನೋಡಿ ಮಣೆ ಹಾಕುವ ಕಸುಬಲ್ಲ ಇದು.
ಮೊದಲು ಬೆನ್ನು ನೋಡು, ಎನ್ನುತ್ತಿದ್ದ ನನಗೆ ಕಲಿಸಿದವ,
ಆಮೇಲೆ ಅಂಚು, ಆಮೇಲೆ ಪಟ್ಟಿ ಸಿಕ್ಕಿಸುವ ಕೊಂಬು.
ಮುಖ ಕೊನೆಗೆ. ಮುಖಕ್ಕೆ ಹೊಸ ಬಣ್ಣ ಬಳಿಯುವವರು
ಈ ತಿಬಿಲಿಸಿಯಲ್ಲೇ ಮೂವರಿದ್ದಾರೆ,
ಒಬ್ಬನ ಜೊತೆ ಭಾನುವಾರ ನಾನೇ ಪಗಡೆಗೆ ಕೂರುತ್ತೇನೆ.

ನದಿ ಪಕ್ಕಕ್ಕೆ ಸರಿದು ಎಷ್ಟೋ ಕಾಲವಾಯಿತು,
ಸೇತುವೆಯ ಕೆಳಗೆ ಈಗ ಕಾರುಗಳು ಹರಿಯುತ್ತವೆ.
ಮೇಲೆ ಕಂಬಳಿ ಹಾಸಿಕೊಂಡು ನಾವು:
ಪದಕ, ಚಮಚ, ಸತ್ತ ಸೇನೆಯೊಂದರ ದುರ್ಬೀನು,
ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ.

ಮಾರ್ಚಿಯ ಗಾಳಿಯಲ್ಲಿ ನಾಜಿಬ್ರೋಲಾ ಬಂದಳು.
ಕರವಸ್ತ್ರದ ಮೂರು ಗಂಟು ಬಿಚ್ಚಿ
“ನನ್ನ ಎರ್ಮಿಲೆಯದು. ಚಿನ್ನದ್ದು.
ಎಪ್ಪತ್ನಾಲ್ಕರಲ್ಲಿ ಕೇಬಲ್ ರೈಲಿನವರು
ಎಲ್ಲರೆದುರು ಕೈಗೆ ಕಟ್ಟಿದ್ದು.
ಎಷ್ಟಾಗುತ್ತೆ ಹೇಳಪ್ಪಾ.”

ಕಣ್ಣಿಗೆ ಭೂತಗಾಜು ಸಿಕ್ಕಿಸಿದೆ.
ಮುಖ ಮೂಲದ್ದೇ. ಹಳಸಿದ ಕೆನೆಯ ಬಣ್ಣ,
ಆರರ ಬಳಿ ಕೂದಲೆಳೆಯ ಬಿರುಕು,
ಯಾರೂ ತಿದ್ದಿಲ್ಲ. ಇದಕ್ಕೆ ಬೆಲೆಯುಂಟು.
ಪೂರ್ತಿ ಕೀಲಿ ಕೊಟ್ಟೆ. ಎಲ್ಲೂ ಜಾರಲಿಲ್ಲ.
ಕಿವಿಗಿಟ್ಟರೆ ಸಣ್ಣ, ಸಮನಾದ ಹೆಜ್ಜೆ.
ದಿನಕ್ಕೆ ಅರೆ ನಿಮಿಷ ಮುಂದೋಡೀತು;
ಈ ವಯಸ್ಸಿಗೆ ನಾವೆಲ್ಲ ಹಿಂದೆ ಬೀಳುತ್ತೇವೆ.

ಆದರೆ ಕೊಂಬುಗಳ ತುದಿಯಲ್ಲಿ ಗಿಲೀಟು ಸವೆದು
ಹಿತ್ತಾಳೆ ಇಣುಕುತ್ತಿತ್ತು.
ಬೆನ್ನು ತೆಗೆದೆ. ೫೮೩ ಎಂಬ ಮುದ್ರೆ ಇರಬೇಕಾದಲ್ಲಿ
ಬೋಳು ಉಕ್ಕು.
ಯಂತ್ರ ಅಲುಗದಿರಲೆಂದು ಸುತ್ತ ಸುತ್ತಿದ್ದ,
ಸಿಗರೇಟು ಪೊಟ್ಟಣದ ಬೆಳ್ಳಿಕಾಗದ.
ಬೇರೆ ಮನೆಗೆ ಬಂದು ಮೈ ಮುದುಡಿ ಕೂತ ಯಂತ್ರ.

ಹೊರಗಡೆ ಬರಹ: ಎರ್ಮಿಲೆಗೆ, ಇಪ್ಪತ್ತು ವರ್ಷದ ನಿಷ್ಠೆಗೆ.
ನಮ್ಮ ಲಿಪಿ ದುಂಡು.
ಉಕ್ಕಿನ ಮೇಲೆ ಸೂಜಿ ದುಂಡಗೆ ಹೊರಳುವುದಿಲ್ಲ.
ಒಂದೊಂದು ಹೊಟ್ಟೆಯೂ ಮೂರು ಕಡೆ ಮುರಿದು,
ಕೊನೆಯ ಸಾಲು ಜಾಗ ಸಾಲದೆ ಅಂಚಿಗೆ ಹತ್ತಿ.
ಇದು ಕೆತ್ತುವವನ ಕೈಯಲ್ಲ. ಕೆತ್ತಲೇಬೇಕಾದವನ ಕೈ.
ಎಷ್ಟು ರಾತ್ರಿ ಕೂತನೋ, ಮೇಣದ ಬತ್ತಿಯಲ್ಲಿ.

ಬೆಲೆ ಕೇಳಿದ್ದಾಳೆ, ಕಥೆ ಕೇಳಿಲ್ಲ.
“ನಲವತ್ತು ಲರಿ” ಎಂದೆ, ಅವಳ ಬೂಟು ನೋಡುತ್ತ.

“ಚಿನ್ನದ್ದೇ ಇದ್ದಿದ್ದರೆ?”

ಭೂತಗಾಜು ಕಣ್ಣಿಂದ ಜಾರಿ ಮಡಿಲಿಗೆ ಬಿತ್ತು.

“ತೊಂಬತ್ಮೂರರ ಚಳಿಗಾಲ ನೆನಪಿದೆಯಲ್ಲ ನಿನಗೂ.
ಕರೆಂಟಿಲ್ಲ. ಬ್ರೆಡ್ಡಿನ ಸಾಲಿಗೆ ಬೆಳಗಿನ ಜಾವ ನಾಲ್ಕಕ್ಕೇ ಹೋಗಬೇಕು.
ಹುಡುಗಿಗೆ ಕೆಮ್ಮು.
ಒಂದು ಸಂಜೆ ಸೀಮೆಎಣ್ಣೆ ಡಬ್ಬ ಹೊತ್ತು ಬಂದ.
ಎಲ್ಲಿಂದ ಅಂದರೆ ಶಿಳ್ಳೆ ಹಾಕಿದ.
ಆಮೇಲೆ ಅವನ ಅಂಗಿಯ ತೋಳಂಚಿಗೆಲ್ಲ ಹಸಿರು ಕಲೆ.
ಚಿನ್ನ ಹಸಿರು ಬಿಡುತ್ತದೆಯೇನಪ್ಪಾ?
ಹದಿನೆಂಟು ವರ್ಷ ನಿಂಬೆ, ಉಪ್ಪು ಹಾಕಿ ಉಜ್ಜಿದ್ದೇನೆ,
ಅವನು ಮನೆಯಲ್ಲಿ ಇಲ್ಲದಾಗ.”

“ಸಾವಿರದ ಇನ್ನೂರು” ಎಂದೆ, “ಇವತ್ತಿನ ದರಕ್ಕೆ.”

ಬೆರಳು ಮಡಚಿ ಲೆಕ್ಕ ಹಾಕಿದಳು.
ತುಟಿ ಅಲುಗುತ್ತಿತ್ತು: ಎಷ್ಟು ಡಬ್ಬ,
ಎಷ್ಟು ರಾತ್ರಿ, ಎಷ್ಟು ಕೆಮ್ಮು.
ಎರಡನೇ ಸಲ ಎಣಿಸಿದಳು.
“ಸೋವಿಯೇ ಆಯ್ತು ಹಾಗಾದರೆ.”

ಮತ್ತೆ ಮೂರು ಗಂಟು.
ನೋಡಿದ್ದಕ್ಕೆ ಎಷ್ಟು ಕೊಡಲಿ ಎಂದು ಪರ್ಸು ತೆರೆದಳು.
ಏನೂ ಬೇಡ ಎಂದೆ.
ಕೀಲಿ ಕೊಟ್ಟಿದ್ದೇನೆ,
ನಾಡಿದ್ದು ಬೆಳಗಿನವರೆಗೆ ನಡೆಯುತ್ತದೆ.